ಸಂವಿಧಾನದ ಗ್ಯಾಲರಿಯಲ್ಲಿ ಪುಣೆ ಕನ್ನಡಿಗರಿಗೆ ಏನಿದೆ?

ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಕ್ಲೌಡ್, ಇಂಟರ್‌ವ್ಯೂ, ಗೃಹಸಾಲ ಇಂಥ ಮಾತೇ ಹೆಚ್ಚು. ನಾನು ಇವತ್ತು ಮ್ಯೂಸಿಯಮ್ ಬಗ್ಗೆ ಮಾತಾಡ್ತೀನಿ. ಅದೂ ಸಂವಿಧಾನದ ಮ್ಯೂಸಿಯಮ್. ಶಾಲೆಯ ಪೌರನೀತಿ ಪಾಠ ನೆನಪಾಗಿ ನಿದ್ದೆ ಬಂತು ಅಂತ ವಿಡಿಯೋ ಮುಚ್ಚಬೇಡಿ. ಹಿಂಜವಡಿ, ಖರಾಡಿ, ಮಗರಪಟ್ಟಾದಲ್ಲಿ ಕೂತು ಸಂಬಳ ತಗೊಳ್ಳೋ ನಮಗೆ ಈ ವಿಷಯ ಎಷ್ಟು ಹತ್ತಿರದ್ದು ಅನ್ನೋದನ್ನ ಕೊನೆ ಹೊತ್ತಿಗೆ ನೀವೇ ಹೇಳ್ತೀರಿ.

ಸಂವಿಧಾನಕ್ಕೆ ಎಪ್ಪತ್ತೈದು ತುಂಬಿದ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿ ಇಂಥ ಹೊಸ ಗ್ಯಾಲರಿಗಳು ತೆರೆದವು. ದೆಹಲಿಯ ತೀನ್ ಮೂರ್ತಿ ಆವರಣದಲ್ಲಿ 2022ರ ಏಪ್ರಿಲ್ 14ಕ್ಕೆ ಪ್ರಧಾನಮಂತ್ರಿ ಸಂಗ್ರಹಾಲಯ ಶುರುವಾಯಿತು. ಅಲ್ಲಿನ ಕಥೆ ಸ್ವಾತಂತ್ರ್ಯ ಹೋರಾಟ ಮತ್ತು ಸಂವಿಧಾನ ರಚನೆಯಿಂದ ಆರಂಭ ಆಗುತ್ತದೆ. 2024ರ ನವೆಂಬರ್‌ನಲ್ಲಿ ಹರಿಯಾಣದ ಸೋನಿಪತ್‌ನ ಜಿಂದಲ್ ವಿಶ್ವವಿದ್ಯಾಲಯದಲ್ಲಿ ಸಂವಿಧಾನಕ್ಕೇ ಮೀಸಲಾದ ಮ್ಯೂಸಿಯಮ್ ಬಂತು. ದೊಡ್ಡ ಪರದೆ, ಬೆಳಕು, ಶಬ್ದ ಎಲ್ಲಾ ಇರುವ ಹೊಸ ಕಾಲದ ಗ್ಯಾಲರಿಗಳು ಇವು.

ಪುಣೆಯಲ್ಲಿ ನಮಗೆ ಇದಕ್ಕಿಂತ ಹಳೆಯದು, ಸದ್ದಿಲ್ಲದ್ದು ಒಂದಿದೆ. ಸೇನಾಪತಿ ಬಾಪಟ್ ರಸ್ತೆಯಲ್ಲಿ, ಸಿಂಬಯಾಸಿಸ್ ಸಂಸ್ಥೆಯ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮ್ಯೂಸಿಯಮ್. ಶನಿವಾರ ಆ ರಸ್ತೆಯ ಮಾಲ್‌ಗೆ ಹೋಗುವ ನಮ್ಮವರಲ್ಲಿ ಎಷ್ಟೋ ಜನ ಅದರ ಮುಂದೆಯೇ ಗಾಡಿ ಓಡಿಸಿಕೊಂಡು ಹೋಗಿರ್ತಾರೆ. ಬಾಬಾಸಾಹೇಬರ ಪತ್ನಿ ಸವಿತಾ ಅಂಬೇಡ್ಕರ್, ಜನ ಪ್ರೀತಿಯಿಂದ ಮಾಯೀ ಅಂತ ಕರೀತಿದ್ದವರು, ತಮ್ಮ ಬಳಿ ಇದ್ದ ಅವರ ವಸ್ತುಗಳನ್ನು ಈ ಸಂಸ್ಥೆಗೆ ಕೊಟ್ಟರು. ಅವರ ಹಾಸಿಗೆ, ಬಟ್ಟೆ, ಪಾತ್ರೆ, ಪಿಟೀಲು, 1990ರಲ್ಲಿ ಮರಣೋತ್ತರವಾಗಿ ಬಂದ ಭಾರತರತ್ನ ಎಲ್ಲಾ ಅಲ್ಲಿವೆ. ಸಂವಿಧಾನದ ಕರಡಿನ ಕೆಲಸಕ್ಕೆ ಅವರು ಕೂರುತ್ತಿದ್ದ ಕುರ್ಚಿಯೂ ಇದೆ.

ನಾನು ಹೋದಾಗ ಪಿಟೀಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ನಮಗೆ ಗೊತ್ತಿರೋ ಅಂಬೇಡ್ಕರ್ ಅಂದರೆ ನೀಲಿ ಕೋಟು, ಕೈಯಲ್ಲಿ ಪುಸ್ತಕ, ಎತ್ತಿದ ಬೆರಳು. ಇಲ್ಲಿ ವಯಸ್ಸಾದ ಮೇಲೆ ಪಿಟೀಲು ಕಲಿಯೋಕೆ ಕೂತ ಒಬ್ಬ ಮನುಷ್ಯ ಕಾಣ್ತಾರೆ. ಆದರೆ ಕುರ್ಚಿ ಮುಂದೆ ನಿಂತಾಗ ಒಂದು ಪ್ರಶ್ನೆ ಬಂತು. ಕುರ್ಚಿಯನ್ನು ತೋರಿಸಬಹುದು. ಆ ಕುರ್ಚಿಯ ಸುತ್ತ ನಡೆದ ಜಗಳವನ್ನು ತೋರಿಸೋದು ಹೇಗೆ?

ಯಾಕಂದ್ರೆ ಸಂವಿಧಾನ ಅನ್ನೋದು ಹುಟ್ಟಿದ್ದೇ ಜಗಳದಲ್ಲಿ. ಆನ್‌ಸೈಟ್ ಅಂತ ನ್ಯೂಜೆರ್ಸಿ ಕಡೆ ಹೋದವರು ಫಿಲಡೆಲ್ಫಿಯಾದ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್ ನೋಡಿರಬಹುದು. ಅಲ್ಲೊಂದು ಹಾಲ್‌ನಲ್ಲಿ ಆಳೆತ್ತರದ 42 ಕಂಚಿನ ಪ್ರತಿಮೆಗಳಿವೆ. 1787ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದವರು 39 ಜನ. ಉಳಿದ ಮೂವರು, ಕೊನೇ ದಿನದವರೆಗೂ ಕೂತಿದ್ದು ‘ನಾನು ಸಹಿ ಹಾಕಲ್ಲ’ ಅಂದವರು. ಅವರನ್ನೂ ಅದೇ ಹಾಲ್‌ನಲ್ಲಿ, ಅದೇ ಅಳತೆಯಲ್ಲಿ ನಿಲ್ಲಿಸಿದ್ದಾರೆ. ನನಗೆ ಈ ಯೋಚನೆ ತುಂಬಾ ಹಿಡಿಸಿತು. ನಮ್ಮ ಸಂವಿಧಾನಕ್ಕೆ ಇಂಥ ಒಂದು ಹಾಲ್ ಕಟ್ಟಿದರೆ ಅದರಲ್ಲಿ ಯಾರ‍್ಯಾರು ನಿಲ್ಲಬೇಕು? ಪುಣೆಯಲ್ಲೇ ಹುಡುಕೋಣ ಬನ್ನಿ.

ಯೆರವಡಾ, 1932

ಮೊದಲ ಜಾಗ ಯೆರವಡಾ ಜೈಲು. ವಿಮಾನ ನಿಲ್ದಾಣದ ದಾರಿ, ಖರಾಡಿಯವರಿಗೆ ದಿನಾ ಓಡಾಡೋ ಏರಿಯಾ. ಬ್ರಿಟಿಷ್ ಪ್ರಧಾನಿ 1932ರ ಆಗಸ್ಟ್ 16ರಂದು ಕೋಮುವಾರು ತೀರ್ಪು ಪ್ರಕಟಿಸಿದರು. ಅದರಲ್ಲಿ ಆಗ ‘ಶೋಷಿತ ವರ್ಗ’ ಅಂತ ಕರೀತಿದ್ದ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತ್ತು. ಅಂದರೆ ಅವರ ಪ್ರತಿನಿಧಿಯನ್ನು ಅವರೇ ಆರಿಸೋದು, ಬೇರೆಯವರ ಮತ ಅದರಲ್ಲಿ ಇಲ್ಲ. ಅಂಬೇಡ್ಕರ್ ಹೋರಾಡಿ ಪಡೆದದ್ದು ಇದು. ಯೆರವಡಾದಲ್ಲಿ ಬಂದಿಯಾಗಿದ್ದ ಗಾಂಧೀಜಿ ಇದನ್ನ ವಿರೋಧಿಸಿ ಸೆಪ್ಟೆಂಬರ್ 20ರಿಂದ ಆಮರಣ ಉಪವಾಸಕ್ಕೆ ಕೂತರು.

ಅಂಬೇಡ್ಕರ್ ಮೇಲೆ ಬಿದ್ದ ಒತ್ತಡ ಎಷ್ಟು ಅಂತ ಊಹಿಸಿ. ಗಾಂಧೀಜಿಗೆ ಏನಾದರೂ ಆದರೆ ಹಳ್ಳಿ ಹಳ್ಳಿಯಲ್ಲಿ ದಲಿತರ ಗತಿ ಏನಾಗ್ತಿತ್ತು? ಸೆಪ್ಟೆಂಬರ್ 24ರಂದು ಒಪ್ಪಂದಕ್ಕೆ ಸಹಿ ಬಿತ್ತು. ಅದೇ ಪೂನಾ ಒಪ್ಪಂದ. ಪ್ರತ್ಯೇಕ ಮತಕ್ಷೇತ್ರ ಹೋಯಿತು. ಅದರ ಬದಲು ಪ್ರಾಂತೀಯ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು 71ರಿಂದ 148ಕ್ಕೆ ಏರಿದವು, ಆದರೆ ಅಂತಿಮ ಚುನಾವಣೆಯಲ್ಲಿ ಮತ ಹಾಕೋದು ಎಲ್ಲರೂ. ಈ ಒಪ್ಪಂದ ಅಂಬೇಡ್ಕರ್‌ಗೆ ಸಮಾಧಾನ ತರಲಿಲ್ಲ. 1945ರಲ್ಲಿ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅಂತ ಕೇಳುವ ಒಂದು ಪುಸ್ತಕವನ್ನೇ ಬರೆದು ತಮ್ಮ ಸಿಟ್ಟನ್ನು ದಾಖಲಿಸಿದರು.

ಮುಂದೆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದದ್ದು ಅದೇ ಅಂಬೇಡ್ಕರ್. ಇವತ್ತಿನ 330 ಮತ್ತು 332ನೇ ವಿಧಿಗಳಲ್ಲಿರೋದು ಮೀಸಲು ಕ್ಷೇತ್ರ, ಆದರೆ ಎಲ್ಲರ ಮತ. ತಾನು ಒತ್ತಡದಲ್ಲಿ ಒಪ್ಪಿದ್ದ ಚೌಕಟ್ಟಿನ ಒಳಗೇ ಕೂತು, ಅದನ್ನೇ ತನ್ನ ಜನರಿಗೆ ಆದಷ್ಟು ಗಟ್ಟಿ ಮಾಡಿಕೊಟ್ಟ ಮನುಷ್ಯ ಅವರು. ಮಹಾರಾಷ್ಟ್ರ ಸರ್ಕಾರ 2021ರ ಜನವರಿ 26ರಿಂದ ಯೆರವಡಾದಲ್ಲಿ ‘ಜೈಲು ಪ್ರವಾಸ’ ಶುರು ಮಾಡಿತು. ಗಾಂಧಿ, ತಿಲಕರು ಇದ್ದ ಜಾಗಗಳ ಜೊತೆಗೆ ಪೂನಾ ಒಪ್ಪಂದದ ಜಾಗವನ್ನೂ ತೋರಿಸುವ ಯೋಜನೆ ಅದು. ಇವತ್ತಿಗೂ ಕೈದಿಗಳಿರುವ ಜೈಲು ಇದು, ಹಾಗಾಗಿ ಅನುಮತಿ ಇಲ್ಲದೆ ಒಳಗೆ ಬಿಡಲ್ಲ.

ವಿದ್ಯಾಪೀಠ ಚೌಕದಲ್ಲಿ ಸಿಕ್ಕಿಬಿದ್ದಾಗ

ಎರಡನೇ ಜಾಗ, ಔಂಧ್ ಬಾಣೇರ್ ಕಡೆಯವರು ಮರೆಯೋಕೆ ಆಗದ್ದು. ವಿದ್ಯಾಪೀಠ ಚೌಕ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಾಗ ಎಡಕ್ಕೋ ಬಲಕ್ಕೋ ಪುಣೆ ವಿಶ್ವವಿದ್ಯಾಲಯದ ಗೇಟ್ ಕಾಣಿಸುತ್ತದೆ. ಒಳಗಿನ ಗ್ರಂಥಾಲಯಕ್ಕೆ ಜಯಕರ್ ಅವರ ಹೆಸರು. ಯಾರು ಈ ಮುಕುಂದರಾವ್ ಜಯಕರ್? 1949ರಲ್ಲಿ ಈ ವಿಶ್ವವಿದ್ಯಾಲಯ ಶುರುವಾದಾಗ ಇದರ ಮೊದಲ ಕುಲಪತಿ. ಪೂನಾ ಒಪ್ಪಂದದ ಸಂಧಾನದಲ್ಲಿ ಓಡಾಡಿದವರಲ್ಲಿ ಒಬ್ಬರು. ಇನ್ನೂ ಒಂದು ಸಂಗತಿ ಇದೆ, ಅದನ್ನ ಕೇಳಿ.

1946ರಲ್ಲಿ ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆದಾಗ ಅಂಬೇಡ್ಕರ್‌ಗೆ ಅವರ ಸ್ವಂತ ಬಾಂಬೆ ಪ್ರಾಂತದಲ್ಲಿ ದಾರಿ ಇರಲಿಲ್ಲ. ಅವರು ಆರಿಸಿ ಬಂದದ್ದು ಬಂಗಾಳದಿಂದ. ಜೋಗೇಂದ್ರನಾಥ ಮಂಡಲ್ ಮತ್ತು ಸಂಗಡಿಗರು ಜೊತೆಗೆ ನಿಂತರು. ಯೋಚನೆ ಮಾಡಿ, ಭಾಷೆ ಬೇರೆ, ಪ್ರಾಂತ ಬೇರೆ, ‘ಹೊರಗಿನವ’ ಅಂತ ಅವರು ಕೈ ಬಿಟ್ಟಿದ್ದರೆ? ದೇಶ ವಿಭಜನೆ ಆದಾಗ ಆ ಸ್ಥಾನವೂ ಹೋಯಿತು. ಆ ಹೊತ್ತಿಗೆ ಬಾಂಬೆಯಿಂದ ಆರಿಸಿ ಹೋಗಿದ್ದ ಜಯಕರ್ ರಾಜೀನಾಮೆ ಕೊಟ್ಟಿದ್ದರು. ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರು 1947ರ ಜೂನ್ ಕೊನೆಗೆ ಬಾಂಬೆಯ ಪ್ರಧಾನಿ ಬಿ. ಜಿ. ಖೇರ್ ಅವರಿಗೆ ಪತ್ರ ಬರೆದು, ಜಯಕರ್ ಬಿಟ್ಟ ಜಾಗಕ್ಕೆ ಅಂಬೇಡ್ಕರ್ ಅವರನ್ನ ಆರಿಸಿ ಕಳಿಸಿ ಅಂದರು. ಕಾಂಗ್ರೆಸ್ಸನ್ನು ಅಷ್ಟು ಖಾರವಾಗಿ ಬೈದಿದ್ದ ಮನುಷ್ಯನನ್ನು ಕಾಂಗ್ರೆಸ್ಸಿನವರೇ ಕರೆಸಿಕೊಂಡರು. ಆಗಸ್ಟ್ 29ಕ್ಕೆ ಕರಡು ಸಮಿತಿ ಆಯಿತು. ಮುಂದಿನ ಸಲ ವಿದ್ಯಾಪೀಠ ಚೌಕದಲ್ಲಿ ಹಾರ್ನ್ ಹೊಡೀತಾ ಕೂತಾಗ ಇದನ್ನ ನೆನಪಿಸಿಕೊಳ್ಳಿ.

ಮಂಗಳೂರಿನವರು ಇಬ್ಬರು, ಪುಣೆಯ ಸಂಸ್ಥೆಯವರು ಒಬ್ಬರು

ಈಗ ನಮ್ಮ ಕಡೆಯವರು. ಬೆನಗಲ್ ನರಸಿಂಗ ರಾವ್, ಬಿ. ಎನ್. ರಾವ್. ಕರಾವಳಿಯವರು, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು, ಐಸಿಎಸ್ ಮಾಡಿ ಬಂಗಾಳದ ಕಡೆ ಕೆಲಸಕ್ಕೆ ಹೋದವರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಊರು ಬಿಟ್ಟ ಟೆಕ್ಕಿ. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ತಯಾರಿಸಿದ್ದು ಇವರು. 1947ರ ಅಕ್ಟೋಬರ್‌ನ ಆ ಕರಡಿನಲ್ಲಿ 243 ವಿಧಿ, 13 ಅನುಸೂಚಿ. ಕರಡು ಸಮಿತಿ ತಿದ್ದಿ 1948ರ ಫೆಬ್ರವರಿಗೆ ಕೊಟ್ಟಾಗ 315 ವಿಧಿ, 8 ಅನುಸೂಚಿ. ಕೊನೆಗೆ ನಿಂತದ್ದು 395 ವಿಧಿ. ನಡುವೆ ಸದಸ್ಯರು ಕೊಟ್ಟ ತಿದ್ದುಪಡಿ 7,635, ಅದರಲ್ಲಿ ಸಭೆಯಲ್ಲಿ ಮಂಡನೆ ಆದದ್ದು 2,473. ನಾವು ಒಂದು ಸಣ್ಣ ಕೋಡ್ ರಿವ್ಯೂನಲ್ಲಿ ಹನ್ನೆರಡು ಕಾಮೆಂಟ್ ಬಂದರೆ ಮುಖ ಸಪ್ಪಗೆ ಮಾಡ್ಕೋತೀವಿ.

ಬಿ. ಎನ್. ರಾವ್ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಡ್ಯೂ ಪ್ರೋಸೆಸ್’ ಅನ್ನೋ ಮಾತನ್ನು ಇಟ್ಟರೆ ಚುನಾಯಿತ ಶಾಸನಸಭೆಗಿಂತ ಕೆಲವೇ ನ್ಯಾಯಾಧೀಶರ ಕೈ ಮೇಲಾಗುತ್ತದೆ ಅಂತ ಅವರ ಎಚ್ಚರಿಕೆ. ಹಾಗಾಗಿ ನಮ್ಮ 21ನೇ ವಿಧಿಯಲ್ಲಿ ‘ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆ’ ಅಂತಷ್ಟೇ ಬಂತು. ಅದಕ್ಕೆ ಸಭೆಯಲ್ಲಿ ಜೋರು ವಿರೋಧ ಬಂತು, ವಿರೋಧಿಸಿದವರು ಸೋತರು. ಆದರೆ 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ಪ್ರಕ್ರಿಯೆ ನ್ಯಾಯಯುತವಾಗಿಯೂ ಇರಬೇಕು ಅಂದಿತು. ಸೋತ ವಾದ ಮೂವತ್ತು ವರ್ಷದ ಮೇಲೆ ಬಾಗಿಲು ತಟ್ಟಿ ಒಳಗೆ ಬಂತು. ಅದೇ 21ನೇ ವಿಧಿ ಹಿಡಿದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ವಿಷಯದಲ್ಲಿ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಜನರ ಡೇಟಾ ಮುಟ್ಟಿ ಕೆಲಸ ಮಾಡೋ ನಮಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬರು ಹರಿ ವಿಷ್ಣು ಕಾಮತ್. ಹುಟ್ಟಿದ್ದು ಮಂಗಳೂರು, ಸಂವಿಧಾನ ಸಭೆಗೆ ಹೋಗಿದ್ದು ಮಧ್ಯಪ್ರಾಂತದಿಂದ. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆ ಚರ್ಚೆಗೆ ಬಂದಾಗ, ಅದು ‘ದೇವರ ಹೆಸರಿನಲ್ಲಿ’ ಅಂತ ಶುರುವಾಗಬೇಕು ಅಂತ ತಿದ್ದುಪಡಿ ತಂದರು. ಎದುರು ನಿಂತವರಲ್ಲಿ ಒಬ್ಬರು ಹೃದಯನಾಥ ಕುಂಜ್ರು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಅಧ್ಯಕ್ಷರು ಅವರು. ಅವರ ವಾದದ ಸಾರ ಇಷ್ಟು. ನಂಬಿಕೆಯ ಸ್ವಾತಂತ್ರ್ಯ ಎಲ್ಲರಿಗೂ ಇದೆ ಅಂತ ಅದೇ ಪ್ರಸ್ತಾವನೆಯಲ್ಲಿ ಮಾತು ಕೊಟ್ಟು, ಒಂದು ನಂಬಿಕೆಯನ್ನು ಎಲ್ಲರ ಬಾಯಲ್ಲಿ ಹೇಳಿಸೋದು ಸರಿಯಲ್ಲ. ಮತಕ್ಕೆ ಹಾಕಿದರು. ಪರ 41, ವಿರೋಧ 68. ದೇವರ ಹೆಸರನ್ನೇ ಮತಕ್ಕೆ ಹಾಕಿದ ಆ ಸಭೆ, ಸೋತವರ ಒಂದೊಂದು ಮಾತನ್ನೂ ನಡಾವಳಿಯಲ್ಲಿ ಬರೆದಿಟ್ಟಿತು. ಮತ್ತೆ ಮೂರನೇ ಅನುಸೂಚಿ ತೆಗೆದು ನೋಡಿ. ಪ್ರಮಾಣ ಮಾಡೋರು ದೇವರ ಹೆಸರಲ್ಲಿ ಮಾಡಬಹುದು, ಸತ್ಯನಿಷ್ಠೆಯಿಂದ ಅಂತಲೂ ಮಾಡಬಹುದು. ಎರಡೂ ಕಡೆಯವರಿಗೂ ಅಲ್ಲಿ ಒಂದೊಂದು ಸಾಲು ಇದೆ.

ಮೈಸೂರಿನ ಕೆಂಗಲ್ ಹನುಮಂತಯ್ಯನವರನ್ನೂ ನನ್ನ ಹಾಲ್‌ನಲ್ಲಿ ನಿಲ್ಲಿಸ್ತೀನಿ. ನಮಗೆ ಬೇಕಿದ್ದದ್ದು ವೀಣೆಯ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಅಂತ ಸಭೆಯಲ್ಲೇ ಮುಖಕ್ಕೆ ಹೇಳಿದವರು. ಎರಡೂವರೆ ವರ್ಷ ದಾಟುವ ಮೊದಲೇ ಅದೇ ಸಂವಿಧಾನದ ಅಡಿಯಲ್ಲಿ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು.

ಇಷ್ಟು ಜನರನ್ನು ಒಂದೇ ಸಾಲಲ್ಲಿ ನಿಲ್ಲಿಸಿದಾಗ ನನಗೆ ಕಂಡದ್ದು ಒಂದೇ. ಇದು ಎಲ್ಲರೂ ಒಪ್ಪಿ ಬರೆದ ದಾಖಲೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಸೋತವನು ಮನೆ ಬಿಟ್ಟು ಹೋಗಬೇಕಾಗಿಲ್ಲ, ಗೆದ್ದವನು ಬೀಗ ಹಾಕಿಕೊಳ್ಳೋ ಹಾಗಿಲ್ಲ ಅನ್ನೋ ಒಂದು ಕರಾರು ಇದು. ಹೊಸ ಗ್ಯಾಲರಿಗಳು ಇದನ್ನ ತೋರಿಸಬೇಕು.

ಸ್ವಾರಗೇಟ್ ಬಸ್ಸು ಮತ್ತು ನಮ್ಮ ವಾಟ್ಸಾಪ್

ಈಗ ನಮ್ಮ ವಿಷಯಕ್ಕೆ ಬರೋಣ. 1956ರ ನವೆಂಬರ್ 1ರವರೆಗೆ ಧಾರವಾಡ, ವಿಜಯಪುರ, ಬೆಳಗಾವಿಯವರಿಗೆ ಪುಣೆ ಪರರಾಜ್ಯ ಆಗಿರಲಿಲ್ಲ, ಎಲ್ಲಾ ಒಂದೇ ಬಾಂಬೆ ಆಡಳಿತದಲ್ಲಿ ಇದ್ದವು. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿಗೆ ಬಂದು ಓದಿದ್ದು ಆ ಕಾಲದಲ್ಲಿ. ಆಮೇಲೆ ಸಂಸತ್ತು 3ನೇ ವಿಧಿಯ ಪ್ರಕಾರ ಗೆರೆ ಎಳೆಯಿತು. ಗೆರೆ ಸರಿಯಿಲ್ಲ ಅಂತ ಮಹಾರಾಷ್ಟ್ರ 2004ರಲ್ಲಿ 131ನೇ ವಿಧಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದೆ. ಎರಡು ರಾಜ್ಯ ಜಗಳ ಆಡಬೇಕಾದ ಜಾಗ ಅದು.

ಜಗಳ ಆ ಜಾಗ ಬಿಟ್ಟು ಬೀದಿಗೆ ಬಂದರೆ ಏನಾಗುತ್ತದೆ ಅಂತ 2022ರ ಡಿಸೆಂಬರ್ 6ರಂದು ನೋಡಿದೆವು. ಬೆಳಗಾವಿಯ ಹಿರೇಬಾಗೇವಾಡಿ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಅದೇ ದಿನ ಪುಣೆಯ ಸ್ವಾರಗೇಟ್‌ನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನನ್ನ ಟೀಮಿನ ಹುಡುಗ, ಇಂಡಿ ತಾಲೂಕಿನವನು, ಬ್ಯಾಗು ಹಿಡಿದು ಕೇಳಿದ: ‘ಅಣ್ಣಾರ, ಈಗ ಊರಿಗೆ ಹೆಂಗ ಹೋಗೂದ್ರಿ?’ ಅವನ ಅವ್ವ ಆಸ್ಪತ್ರೆಯಲ್ಲಿದ್ದಳು. 19ನೇ ವಿಧಿ ದೇಶದ ಯಾವ ಮೂಲೆಗಾದರೂ ಹೋಗುವ, ಎಲ್ಲಿಯಾದರೂ ನೆಲೆಸುವ, ಇಷ್ಟದ ಉದ್ಯೋಗ ಮಾಡುವ ಹಕ್ಕು ಕೊಡುತ್ತದೆ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವಲ್ಲ, ಅದರ ಅರ್ಥ ಅವತ್ತು ಆ ಬ್ಯಾಗಿನಲ್ಲಿತ್ತು.

ಇದೇ ಹುಡುಗ 2024ರ ಜುಲೈನಲ್ಲಿ ಖುಷಿಯಿಂದ ಒಂದು ಮೆಸೇಜ್ ಫಾರ್ವರ್ಡ್ ಮಾಡಿದ. ಕರ್ನಾಟಕ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ 50, ಉಳಿದ ಹುದ್ದೆಗಳಲ್ಲಿ 70 ಪರ್ಸೆಂಟ್ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಎರಡೇ ದಿನಕ್ಕೆ ತಡೆಹಿಡಿದರು, ಅದು ಬೇರೆ ಮಾತು. ಆ ದಿನ ಊಟದ ಟೇಬಲ್‌ನಲ್ಲಿ ಕೊಲ್ಹಾಪುರದ ಒಬ್ಬ ಸಹೋದ್ಯೋಗಿ ನಗ್ತಾನೇ ಕೇಳಿದ: ‘ಮಗ ಆಮ್ಹೀ ಪಣ ತಸಂಚ್ ಕರಾಯ್ಚಂ ಕಾ?’ ಹಾಗಾದ್ರೆ ನಾವೂ ಹಾಗೇ ಮಾಡೋಣ್ವಾ ಅಂತ. ಟೇಬಲ್ ಸುತ್ತ ಆರು ಜನ ಇದ್ದೆವು, ನಾಲ್ಕು ಜನ ಕರ್ನಾಟಕದವರು. ಉತ್ತರ ಯಾರ ಬಾಯಿಂದಲೂ ಬರಲಿಲ್ಲ.

ಸ್ಥಳೀಯರಿಗೆ ಕೆಲಸ ಅನ್ನೋ ಬೇಡಿಕೆಯಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಭೂಮಿ ಕೊಟ್ಟ ರೈತನ ಮಗ ಗೇಟಿನಲ್ಲಿ ಸೆಕ್ಯುರಿಟಿ, ಒಳಗೆ ಕೂತವರು ಬೇರೆ ಊರಿನವರು. ಇದು ಬೆಂಗಳೂರಲ್ಲೂ ನಿಜ, ಹಿಂಜವಡಿಯಲ್ಲೂ ನಿಜ. ಇಲ್ಲಿ ‘ಭೂಮಿಪುತ್ರ’ ಅನ್ನೋ ಪದ ಹೊಸದಲ್ಲ. ಆದರೆ ದಾರಿ ಯಾವುದು? ಹರಿಯಾಣ 75 ಪರ್ಸೆಂಟ್ ಸ್ಥಳೀಯ ಮೀಸಲಾತಿಯ ಕಾನೂನು ಮಾಡಿತ್ತು. 2023ರ ನವೆಂಬರ್ 17ರಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ಅಸಾಂವಿಧಾನಿಕ ಅಂತ ರದ್ದು ಮಾಡಿತು. ತರಬೇತಿ, ಶಾಲೆ, ಭೂಮಿ ಕೊಟ್ಟವರಿಗೆ ಪಾಲು, ಸ್ಥಳೀಯ ಭಾಷೆ ಕಲಿಕೆ ಇವುಗಳ ಮೇಲೆ ನಾವು ಗಟ್ಟಿಯಾಗಿ ಮಾತಾಡಬಹುದು. ನಾನು ಇಟ್ಟುಕೊಂಡಿರೋ ಅಳತೆಗೋಲು ಒಂದೇ. ಬೆಂಗಳೂರಿಗೆ ನಾನು ಕೇಳುವ ನಿಯಮವನ್ನ ಪುಣೆ ನನ್ನ ಮೇಲೆ ಹಾಕಿದರೆ ನಾನು ತಲೆಬಾಗಿ ಒಪ್ತೀನಾ? ಒಪ್ಪೋದಾದ್ರೆ ಕೇಳೋಣ. ಒಪ್ಪೋಕೆ ಆಗದಿದ್ದರೆ ಆ ಫಾರ್ವರ್ಡ್ ಒತ್ತುವ ಮೊದಲು ಸ್ವಲ್ಪ ತಡೆಯೋಣ.

ಭಾಷೆಗೂ ಇದೇ ಅಳತೆ. 350ಎ ವಿಧಿ, 1956ರಲ್ಲಿ ಏಳನೇ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತದೆ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಬೆನ್ನಿಗೆ ಇರೋ ವಿಧಿ ಇದು. ಬೆಳಗಾವಿಯ ಮರಾಠಿ ಶಾಲೆಗಳ ಬೆನ್ನಿಗೆ ಇರೋದೂ ಇದೇ. ಪುಣೆಯಲ್ಲಿ ಕನ್ನಡ ಸಂಘ ಕನ್ನಡ ಮಾಧ್ಯಮ ಶಾಲೆ ನಡೆಸುತ್ತಿದೆ, ಇಲ್ಲಿನ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯ ಮಾಡಿದ 2020ರ ಕಾಯ್ದೆಯೂ ಇದೆ. ನನ್ನ ಮಗಳು ಮರಾಠಿ ಕಲೀತಿದ್ದಾಳೆ, ಮನೆಯಲ್ಲಿ ಕನ್ನಡ ಓದ್ತಾಳೆ. ಬೆಂಗಳೂರಿಗೆ ಬಂದವರು ಕನ್ನಡ ಕಲೀಬೇಕು ಅನ್ನೋ ನಾನು ಇಲ್ಲಿ ಮರಾಠಿ ಕಲಿಯೋಕೆ ಗೊಣಗಿದರೆ ಹೇಗೆ?

ಇನ್ನು ಮಾಡಬೇಕಾದ ಕೆಲಸ ಮೂರು, ಮೂರೂ ಸಣ್ಣವು. ಒಂದು, ಒಂದು ಶನಿವಾರ ಮಕ್ಕಳನ್ನ ಕರ್ಕೊಂಡು ಸೇನಾಪತಿ ಬಾಪಟ್ ರಸ್ತೆಯ ಮ್ಯೂಸಿಯಮ್‌ಗೆ ಹೋಗಿ, ಕುರ್ಚಿ ತೋರಿಸಿ, ಆಮೇಲೆ ಅದರ ಸುತ್ತ ನಿಂತಿದ್ದವರ ಕಥೆ ನೀವೇ ಹೇಳಿ. ಎರಡು, ಸಂವಿಧಾನ ಸಭೆಯ ಚರ್ಚೆಗಳು ಪೂರ್ತಿಯಾಗಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, 1949ರ ಅಕ್ಟೋಬರ್ 17ರ ಚರ್ಚೆಯಿಂದ ಶುರು ಮಾಡಿ. ಒಂದೇ ಕೂರಿಕೆಯಲ್ಲಿ ಓದಿಸಿಕೊಳ್ಳುತ್ತದೆ. ಮೂರು, ಮತದಾರರ ಪಟ್ಟಿ. ಕಾನೂನು ಕೇಳೋದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡ್ತೀರಿ ಅಂತ, ಎಲ್ಲಿ ಹುಟ್ಟಿದಿರಿ ಅಂತ ಅಲ್ಲ. ಊರಿನಲ್ಲಿ ಹೆಸರಿದ್ದು ಇಲ್ಲಿಗೆ ಬದಲಿಸಿಕೊಳ್ಳೋಕೆ ಫಾರ್ಮ್ 8, ಎಲ್ಲೂ ಹೆಸರೇ ಇಲ್ಲದವರಿಗೆ ಫಾರ್ಮ್ 6. ನೀರಿನ ಟ್ಯಾಂಕರ್, ರಸ್ತೆ, ಮೆಟ್ರೋ ಅಂತ ಸೊಸೈಟಿಯ ಗ್ರೂಪಿನಲ್ಲಿ ದಿನಾ ಬೈಕೊಳ್ಳೋರು ನಾವು. ಬಂಗಾಳದವರು ಒಬ್ಬ ಮರಾಠಿ ಮನುಷ್ಯನನ್ನು ತಮ್ಮ ಪ್ರತಿನಿಧಿ ಮಾಡಿ ಕಳಿಸಿದ ದೇಶ ಇದು. ಇಲ್ಲಿ ನಮ್ಮ ಮತಕ್ಕೂ ಒಂದು ಜಾಗ ಇದೆ, ಹೋಗಿ ತಗೊಳ್ಳೋಣ.

ಪ್ರಶ್ನೆ ಇದ್ದರೆ ಕೆಳಗೆ ಬರೀರಿ. ಒಪ್ಪದೇ ಇದ್ದರೂ ಬರೀರಿ, ಅದಕ್ಕೂ ಇಲ್ಲಿ ಜಾಗ ಇದೆ.